ಮಾವನಿಗೆ ಮೆದುಳಲ್ಲಿ ಗಡ್ಡೆ, ಒಳಗೆ ಬಿಡುವುದು ಒಬ್ಬರನ್ನೇ. ಅಮ್ಮನನ್ನು ಹೇಗೆ ಸುಧಾರಿಸುವುದು?

ಪೆರ್ಲದವಳು:
ಸೋದರಮಾವನಿಗೆ ಕೆಲವು ಸಮಯದಿಂದ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಸುಮ್ನೆ ಸಿಟ್ಟು. ತೋಟದ ಆಳುಗಳ ಹತ್ತಿರವೂ ಸ್ವರ ಎತ್ತದವರು ಚಹಾ ತಣಿದಿದೆ ಅಂತ ಲೋಟ ಎಸೆದರು. ಫಿಟ್ಸ್ ಬಂದ ಮೇಲೆ ಮಂಗಳೂರಿಗೆ ಕರೆದುಕೊಂಡು ಹೋದೆವು. ಎಂಆರ್‌ಐಯಲ್ಲಿ ಮೆದುಳಿನ ಮುಂಭಾಗದಲ್ಲಿ ಗಡ್ಡೆ. ಆಪರೇಷನ್ ಆಗಿದೆ, ಬಯಾಪ್ಸಿ ರಿಪೋರ್ಟ್ ಬರಬೇಕಷ್ಟೆ. ಈಗ ಐಸಿಯು. ಸಂಜೆ ಸ್ವಲ್ಪ ಹೊತ್ತು, ಒಬ್ಬರಿಗೆ ಮಾತ್ರ. ಪಾಸ್ ಅತ್ತೆಯ ಕೈಯಲ್ಲಿ. ಅಮ್ಮನಿಗೆ ಇರುವುದೊಬ್ಬ ತಮ್ಮ, ಮನೆಯಲ್ಲಿ ಕೂತು ಅತ್ತೆಗೆ ಫೋನ್ ಮೇಲೆ ಫೋನ್. ಎತ್ತದಿದ್ದರೆ "ಎಂತದೋ ಮುಚ್ಚಿಡ್ತಿದ್ದಾರೆ" ಅಂತ ಅಳು, ಎತ್ತಿದರೆ ಆ ಕಡೆಯಿಂದ ಅತ್ತೆಯ ಅಳು. ಇಬ್ಬರ ನಡುವೆ ನಾನು. ಇದನ್ನು ದಾಟಿದವರು ಹೇಳಿ.

ಕುಂಬಳೆ ಅಕ್ಕ:
ಮೊದಲು ಅತ್ತೆಗೆ ಫೋನ್ ಮಾಡುವುದು ನಿಲ್ಲಲಿ, ಅವರು ಊಟ ಮಾಡಿದ್ದಾರೋ ಇಲ್ಲವೋ ಯಾರು ಕೇಳಿದ್ದಾರೆ? ಸಂಜೆ ನೋಡಿ ಬಂದ ಮೇಲೆ ಅವರು ನಿಮಗೊಬ್ಬರಿಗೇ ಹೇಳಲಿ, ನೀವು ಮನೆ ಗ್ರೂಪಿಗೆ ಒಂದು ವಾಯ್ಸ್ ಹಾಕಿ. ಡಾಕ್ಟರು ಮನೆಯವರ ಹತ್ತಿರ ಮಾತಾಡುವ ಹೊತ್ತು ಬೇರೆಯೇ ಇರುತ್ತದೆ, ಅದಕ್ಕೆ ನೀವು ಹೋಗಿ. ವಾರ್ಡಿಗೆ ಯಾವಾಗ, ಫಿಟ್ಸಿನ ಮಾತ್ರೆ ಎಷ್ಟು ಸಮಯ, ಎಲ್ಲ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅಲ್ಲಿ ನಿಂತಾಗ ಒಂದೂ ನೆನಪಾಗುವುದಿಲ್ಲ. ಅಮ್ಮನ ಸ್ವರ ರೆಕಾರ್ಡ್ ಮಾಡಿ ಅತ್ತೆಯ ಫೋನಿಗೆ ಕಳಿಸಿ, ಮಾವನ ಕಿವಿಯ ಹತ್ತಿರ ಹಿಡಿಯಲಿ. ಅಳು ಬೇಡ, ಅಡಿಕೆ ಸುಲಿಯುವವರು ಬಂದಿದ್ದಾರೆ, ದನ ಕರು ಹಾಕಿದೆ ಅಂತಹ ಮಾತು ಸಾಕು. ನರ್ಸ್ ಮಲಯಾಳಿಯಾದರೆ ಮಲಯಾಳದಲ್ಲೇ ಕೇಳಿ, ನಮ್ಮ ಕಾಸರಗೋಡಿನವರಿಗೆ ಅದೊಂದು ಲಾಭ ಉಂಟು!

ಅಡಿಕೆತೋಟ:
ಅಕ್ಕ ಹೇಳಿದ್ದು ಸರಿ. ಆದ್ರೆ ವಿಡಿಯೋ ಕಾಲ್ ಮಾಡುವ ಮೊದಲು ಅಮ್ಮನಿಗೆ ಹೇಳಿಡಿ. ತಲೆ ಬೋಳಿಸಿರುತ್ತಾರೆ, ಹೊಲಿಗೆಯ ಬದಲು ಪಿನ್ ಹೊಡೆದಿರುತ್ತಾರೆ, ಮುಂಭಾಗದ ಆಪರೇಷನ್ ಆದರೆ ಕಣ್ಣು ಊದಿ ಮುಚ್ಚಿಯೇ ಹೋಗಬಹುದು. ಅದು ಇಳಿಯುತ್ತದೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿ, ನಾವು ಈಚೆ. ಇದ್ದಕ್ಕಿದ್ದ ಹಾಗೆ ವಿಡಿಯೋ ನೋಡಿ ಅಮ್ಮ ಆ ರಾತ್ರಿ ಮಲಗಲೇ ಇಲ್ಲ.

ಇನ್ನೊಂದು, ಸಿಟ್ಟು. ಮುಂಭಾಗದ ಗಡ್ಡೆ ಸ್ವಭಾವವನ್ನೇ ಬದಲಿಸಬಹುದು. ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್‌ನಿಂದಲೂ ನಿದ್ದೆ ಕೆಡುತ್ತದೆ, ಹಸಿವು ಜಾಸ್ತಿ, ಶುಗರ್ ಏರುತ್ತದೆ. ಹಾಗಂತ ನೀವಾಗಿ ನಿಲ್ಲಿಸಬೇಡಿ, ಅದನ್ನು ಹಂತಹಂತವಾಗಿ ಇಳಿಸಬೇಕು. ಅವರು ಬೈದರೆ ಅತ್ತೆ ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ.

ರಿಪೋರ್ಟ್ ಬರುವ ಮೊದಲು ಗೂಗಲ್‌ನಲ್ಲಿ ಗ್ರೇಡ್ (ಗಡ್ಡೆ ಎಷ್ಟು ಜೋರಿನದ್ದು ಅನ್ನುವ ಲೆಕ್ಕ) ಹುಡುಕಬೇಡಿ ಮಾರಾಯ್ರೇ. ಮೆನಿಂಜಿಯೋಮಾ, ಅಂದರೆ ಮೆದುಳಿನ ಹೊದಿಕೆಯ ಗಡ್ಡೆ ಆದರೆ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಗ್ಲಿಯೋಬ್ಲಾಸ್ಟೋಮಾ, ಅಂದರೆ ಬೇಗ ಬೆಳೆಯುವ ಕ್ಯಾನ್ಸರ್ ಆದರೆ ಕತೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ಪ್ರಕಾರ ಗ್ಲಿಯೋಮಾಗಳಿಗೆ (ಮೆದುಳಿನ ಒಳಗಿನ ಆಧಾರ ಕೋಶಗಳ ಗಡ್ಡೆಗಳು, ಗ್ಲಿಯೋಬ್ಲಾಸ್ಟೋಮಾವೂ ಅದರಲ್ಲೊಂದು) ಐಡಿಎಚ್‌ನಂತಹ ಜೀನ್ ಪರೀಕ್ಷೆಯನ್ನೂ ನೋಡಿ ಹೆಸರು ಕೊಡುತ್ತಾರೆ, ಅದಕ್ಕೇ ತಡವಾಗುವುದುಂಟು. ತಡ ಆಯಿತು ಅಂದ ಮಾತ್ರಕ್ಕೆ ಏನೋ ಕೆಟ್ಟದ್ದು ಸಿಕ್ಕಿದೆ ಅಂತಲ್ಲ.

ಪೆರ್ಲದವಳು:
ಇಬ್ಬರಿಗೂ ಥ್ಯಾಂಕ್ಸ್. ಅಮ್ಮ ರೆಕಾರ್ಡ್ ಮಾಡಲು ಕೂತಿದ್ದಾರೆ, ಅರ್ಧಕ್ಕೇ ಗಂಟಲು ಕಟ್ಟುತ್ತದೆ, ಮತ್ತೆ ಶುರು ಮಾಡುತ್ತಾರೆ. ಮಾವ "ನನಗೆ ಎಂತ ಆಗಿದೆ" ಅಂತ ಕೇಳಿದರೆ? ಅತ್ತೆ ಬರೀ ಊತ ಅಂತ ಹೇಳುತ್ತಿದ್ದಾರೆ. ಮನೆಯಲ್ಲಿ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡಬೇಕಂತೆ, ಹೌದಾ?

ಕುಂಬಳೆ ಅಕ್ಕ:
ಗಡ್ಡೆ ಇತ್ತು, ತೆಗೆದಿದ್ದಾರೆ, ಪರೀಕ್ಷೆಗೆ ಹೋಗಿದೆ ಅನ್ನಿ. ಅದು ಸತ್ಯವೇ ಅಲ್ವಾ? ಉಳಿದದ್ದನ್ನು ಅವರು ಕೇಳಿದಷ್ಟೇ, ಡಾಕ್ಟರ ಎದುರು. ಬೀಗದ ಕೈಯಿಂದ ಏನೂ ಆಗುವುದಿಲ್ಲ. ಒಂದು ಬದಿಗೆ ಮಲಗಿಸಿ, ಬಾಯಿಗೆ ನೀರಾಗಲಿ ಚಮಚವಾಗಲಿ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ.