ಪ್ರಶ್ನೋತ್ತರ: ‘ಶ್ವಾಸಕೋಶದ ಸ್ಕೋರ್ 19’ ಅಂದರೆ ಅಪ್ಪನಿಗೆ ಅಪಾಯವೇ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ, ಶುಗರ್ ಇದೆ. ಎಚ್1ಎನ್1 ನ್ಯುಮೋನಿಯಾ ಅಂತ ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ. ಆಕ್ಸಿಜನ್ ಕೊಡುತ್ತಿದ್ದಾರೆ. ಡಾಕ್ಟರ್ ದಿನಾ ಸಣ್ಣ ಮೆಷಿನ್ ತಂದು ಎದೆ, ಬೆನ್ನಿಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡುತ್ತಾರೆ. ಮೊದಲ ದಿನ ಸ್ಕೋರ್ 14 ಇತ್ತಂತೆ, ನಿನ್ನೆ 19 ಅಂದರು. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ. ವೆಂಟಿಲೇಟರ್ ಹಾಕಬೇಕಾಗುತ್ತಾ?

ಉತ್ತರ (ಶ್ವಾಸಕೋಶ ತಜ್ಞ): ನಿಮ್ಮ ಗಾಬರಿ ಅರ್ಥವಾಗುತ್ತದೆ. ಮೊದಲು ಆ ನಂಬರ್ ಎಲ್ಲಿಂದ ಬಂತು ನೋಡೋಣ.

ನೀವು ಹೇಳಿದ ಸಣ್ಣ ಮೆಷಿನ್ ಅಲ್ಟ್ರಾಸೌಂಡ್, ಶಬ್ದದ ಅಲೆಯಿಂದ ಚಿತ್ರ ತೋರಿಸುತ್ತದೆ. ಆ ಅಲೆ ಗಾಳಿಯನ್ನು ದಾಟುವುದಿಲ್ಲ. ಪಕ್ಕೆಲುಬುಗಳ ನಡುವೆ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಭಾಗ) ಇಟ್ಟರೆ ಎರಡು ಎಲುಬು ಬಾವಲಿಯ ರೆಕ್ಕೆಗಳ ಹಾಗೆ ಕಾಣುತ್ತವೆ. ನಡುವೆ ಒಂದು ಬಿಳಿ ಗೆರೆ, ಅದು ಶ್ವಾಸಕೋಶದ ಹೊದಿಕೆ. ಉಸಿರಾಡಿದಾಗ ಆ ಗೆರೆ ಮಿಣಮಿಣ ಅಂತ ಜಾರುತ್ತದೆ. ಆರೋಗ್ಯವಾಗಿದ್ದರೆ ಅದರ ಕೆಳಗೆ ಅಡ್ಡಗೆರೆಗಳಷ್ಟೇ. ಗಾಳಿ ಕಮ್ಮಿಯಾಗಿ ನೀರಿನಂಶ ಜಾಸ್ತಿಯಾದಾಗ ಬಿಳಿ ಗೆರೆಯಿಂದ ಟಾರ್ಚ್ ಬೆಳಕಿನ ಹಾಗೆ ನೇರ ಗೆರೆಗಳು ಕೆಳಗಿಳಿಯುತ್ತವೆ. ಅವುಗಳನ್ನು ಬಿ-ಲೈನ್ ಅನ್ನುತ್ತೇವೆ.

ಹೆಚ್ಚಿನ ಕಡೆ 12 ಜಾಗ ನೋಡುತ್ತಾರೆ. ಪ್ರತಿ ಬದಿಗೂ ಮುಂದೆ ಎರಡು, ಪಕ್ಕೆಯಲ್ಲಿ ಎರಡು, ಬೆನ್ನಲ್ಲಿ ಎರಡು. ಒಂದೊಂದಕ್ಕೂ 0ರಿಂದ 3 ಅಂಕ. ಒಂದೆರಡು ಬಿ-ಲೈನ್ ಇದ್ದರೂ 0. ಮೂರು ಅಥವಾ ಹೆಚ್ಚು, ಆದರೆ ಬಿಡಿಬಿಡಿಯಾಗಿದ್ದರೆ 1. ಒಂದಕ್ಕೊಂದು ಕೂಡಿಕೊಂಡಿದ್ದರೆ 2. ಗಾಳಿಯೇ ಇಲ್ಲದೆ ಆ ಭಾಗ ಲಿವರ್ ಹಾಗೆ ಗಟ್ಟಿಯಾಗಿ ಕಂಡರೆ 3. ಎಲ್ಲ ಸೇರಿ ಹೆಚ್ಚೆಂದರೆ 36, ಸ್ಕೋರ್ ಹೆಚ್ಚಿದಷ್ಟೂ ಶ್ವಾಸಕೋಶದಲ್ಲಿ ಗಾಳಿ ಕಮ್ಮಿ ಅಂತ ಅರ್ಥ. ಇಟಲಿಯ ವೈದ್ಯರು 2020ರಲ್ಲಿ ಕೋವಿಡ್‌ಗೆಂದು 14 ಜಾಗದ ಪದ್ಧತಿ ಮಾಡಿದರು, ಅಲ್ಲಿ ಒಟ್ಟು 42. ಆದ್ದರಿಂದ ನಿಮ್ಮ 19 ಎಷ್ಟಕ್ಕೆ ಅಂತ ಕೇಳಿ.

ಕೋವಿಡ್ ಕಾಲದ ಅಧ್ಯಯನಗಳಲ್ಲಿ ದಾಖಲಾದ ದಿನವೇ ಸ್ಕೋರ್ ಜಾಸ್ತಿ ಇದ್ದವರಲ್ಲಿ ಐಸಿಯು, ವೆಂಟಿಲೇಟರ್, ಸಾವು ಹೆಚ್ಚಾಗಿ ಕಂಡವು. ಅದು ನಿಜ, ಮುಚ್ಚಿಡುವುದಿಲ್ಲ. ಆದರೆ ‘ಇಷ್ಟು ದಾಟಿದರೆ ವೆಂಟಿಲೇಟರ್’ ಅನ್ನುವ ಒಂದೇ ಗಡಿ ಇಲ್ಲ, ಒಂದೊಂದು ಅಧ್ಯಯನ ಒಂದೊಂದು ಸಂಖ್ಯೆ ಹೇಳುತ್ತದೆ. ವೆಂಟಿಲೇಟರ್ ಹಾಕುವುದು ಸ್ಕೋರ್ ನೋಡಿ ಅಲ್ಲ. ಆಕ್ಸಿಜನ್ ಎಷ್ಟು ಬೇಕಾಗುತ್ತಿದೆ, ಉಸಿರಿನ ವೇಗ ಎಷ್ಟು, ಮನುಷ್ಯ ಸುಸ್ತಾಗುತ್ತಿದ್ದಾರಾ ಅನ್ನುವುದನ್ನು ನೋಡಿ.

14ರಿಂದ 19 ಆಗಿದ್ದನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಇವತ್ತು ಡಾಕ್ಟರನ್ನು ಎರಡು ವಿಷಯ ಕೇಳಿ. ಒಂದು, ಯಾವ ಜಾಗದಲ್ಲಿ ಹೆಚ್ಚಾಯಿತು? ಮಲಗಿಯೇ ಇರುವವರಿಗೆ ಬೆನ್ನಿನ ಕೆಳಭಾಗ ಬೇಗ ಕೆಡುತ್ತದೆ. ಎರಡು, ಹೃದಯ ನೋಡಿದ್ದೀರಾ? ಹೃದಯ ಸೋತರೂ, ಮೈಯಲ್ಲಿ ನೀರು ಜಾಸ್ತಿಯಾದರೂ ಬಿ-ಲೈನ್ ಬರುತ್ತವೆ. ಆಗ ಹೊದಿಕೆ ಸಾಮಾನ್ಯವಾಗಿ ನಯವಾಗಿರುತ್ತದೆ, ಬಿ-ಲೈನ್‌ಗಳು ಎರಡೂ ಕಡೆ ಒಂದೇ ರೀತಿ ಹರಡಿರುತ್ತವೆ. ವೈರಲ್ ನ್ಯುಮೋನಿಯಾದಲ್ಲಿ ಹೊದಿಕೆ ಒರಟಾಗುತ್ತದೆ, ಅಲ್ಲಲ್ಲಿ ಒಳ್ಳೆಯ ಭಾಗ ಉಳಿದಿರುತ್ತದೆ. ಎರಡಕ್ಕೂ ಚಿಕಿತ್ಸೆಯೇ ಬೇರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಬ್ಬ ಸದಸ್ಯರು: ಸುಮ್ನೆ ಸಿಟಿ ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗಲ್ವಾ ಸರ್?

ಉತ್ತರ: ಸಿಟಿಯಲ್ಲಿ ಒಳಗಿನದೂ ಕಾಣುತ್ತದೆ. ಅಲ್ಟ್ರಾಸೌಂಡ್‌ಗೆ ಹೊದಿಕೆ ಮುಟ್ಟದ, ಆಳದಲ್ಲಿರುವ ಗಾಯ ಕಾಣುವುದಿಲ್ಲ. ಆದರೆ ಎಂಟು ಲೀಟರ್ ಆಕ್ಸಿಜನ್ ಮೇಲಿರುವವರನ್ನು ದಿನಾ ಸಿಟಿ ಕೋಣೆಗೆ ತಳ್ಳಿಕೊಂಡು ಹೋಗಲು ಆಗುತ್ತಾ? ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವಿಲ್ಲ, ಮಂಚದ ಪಕ್ಕದಲ್ಲೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ನಾಳೆ ಅದೇ ಜಾಗ ಮತ್ತೆ ನೋಡಬಹುದು.

ಪಿಎಚ್‌ಸಿ ವೈದ್ಯೆಯೊಬ್ಬರು: ನಾವು ಮೊಬೈಲಿಗೆ ಜೋಡಿಸುವ ಪ್ರೋಬ್ ಇಟ್ಟುಕೊಳ್ಳಬಹುದಾ ಸರ್? ಯಾರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು ಅಂತ ಬೇಗ ಗೊತ್ತಾಗುತ್ತದೆ.

ಉತ್ತರ: ನಿಮಗೆ ತುಂಬಾ ಉಪಯೋಗವಿದೆ. ಆದರೆ ಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಎದೆಗೆ ಮಾತ್ರ ಬಳಸುವ ಪ್ರೋಬ್‌ಗೂ ಅನ್ವಯಿಸುತ್ತದೆ. ನೋಂದಣಿ ಇಲ್ಲದೆ ಕೊಳ್ಳಬೇಡಿ, ಜಿಲ್ಲೆಯ ಸಕ್ಷಮ ಪ್ರಾಧಿಕಾರವನ್ನು ಮೊದಲು ವಿಚಾರಿಸಿ. ಕಲಿಯುವಾಗ ಬೆನ್ನಿನ ಕೆಳಭಾಗ ಬಿಡಬೇಡಿ. ಹೊಸಬರು ರೋಗಿಯನ್ನು ಹೊರಳಿಸಲು ಹಿಂಜರಿದು ಮುಂದೆ ಮಾತ್ರ ನೋಡುತ್ತಾರೆ. ವೈರಲ್ ನ್ಯುಮೋನಿಯಾ ಎಷ್ಟೋ ಸಲ ಹಿಂದೆಯೇ ಕೂತಿರುತ್ತದೆ.

ಮೊದಲ ಪ್ರಶ್ನೆ ಕೇಳಿದವರು (ಮೂರು ದಿನದ ನಂತರ): ಸರ್, 36ಕ್ಕೆ 19 ಅಂತೆ. ಹೃದಯ ಚೆನ್ನಾಗಿದೆ ಅಂದರು. ಬೆನ್ನಿನ ಕೆಳಗೆ ಎರಡೂ ಕಡೆ ಹೆಚ್ಚಾಗಿತ್ತಂತೆ. ಈಗ ಆಕ್ಸಿಜನ್ ಎಂಟು ಲೀಟರ್‌ನಿಂದ ಮೂರಕ್ಕೆ ಇಳಿಸಿದ್ದಾರೆ, ಅಪ್ಪ ಇಡ್ಲಿ ತಿಂದರು. ಆದರೆ ಸ್ಕೋರ್ ಇನ್ನೂ 18! ಯಾಕೆ?

ಉತ್ತರ: ಓದಿ ಬಹಳ ಸಂತೋಷವಾಯಿತು. ಸ್ಕ್ಯಾನ್ ಚಿತ್ರ ಸುಧಾರಿಸುವುದು ಎಷ್ಟೋ ಸಲ ರೋಗಿಗಿಂತ ತಡವಾಗುತ್ತದೆ. ಬಿ-ಲೈನ್‌ಗಳು ಮನೆಗೆ ಹೋದ ಮೇಲೂ ವಾರಗಟ್ಟಲೆ ಕಾಣಬಹುದು. ಈಗ ಆ 18ಕ್ಕಿಂತ ಮೂರು ಲೀಟರ್ ಮತ್ತು ಇಡ್ಲಿಯನ್ನು ನಂಬಿ. ಡಾಕ್ಟರ್ ಒಪ್ಪಿದರೆ ಹಗಲಲ್ಲಿ ಸ್ವಲ್ಪ ಹೊತ್ತು ಬೋರಲು ಮಲಗಿಸಿ, ಆಮೇಲೆ ಕುರ್ಚಿಯಲ್ಲಿ ಕೂರಿಸಿ. ಶುಗರ್ ಎಷ್ಟಿದೆ ಅಂತ ಇಲ್ಲೇ ಬರೆಯಿರಿ.