ಹಾಳೆ ಮೇಲೆ ಪ್ಯಾಟರ್ನ್ (ಚರೆ ಹರಡಿ ಬೀಳುವ ರೀತಿ) ದಟ್ಟವಾಗಿದೆ, ಆದರೂ ಹದಿನೈದು ಗಜ ದೂರದ ಟರ್ಕಿ ಹಕ್ಕಿಗೆ ಈಡು ತಪ್ಪುತ್ತಿದೆ. ಕಾರಣ ಏನು?

ಓಝಾರ್ಕ್_ವಾಸಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್ ಹತ್ತಿರ. ವಸಂತದ ಟರ್ಕಿ ಬೇಟೆಗೆ ಮಾರ್ಕ್ ಟ್ವೇನ್ ನ್ಯಾಷನಲ್ ಫಾರೆಸ್ಟ್ ಕಡೆ ಹೋಗುತ್ತೇನೆ. ಒಂದು ಸಮಸ್ಯೆ ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ.

ಕೋವಿ 12 ಬೋರಿನ ಪಂಪ್, 24 ಇಂಚಿನ ನಳಿಗೆ. ಗುರಿ ಇಡಲು ತುದಿಯಲ್ಲಿ ಒಂದು ಮಣಿ, ಹಿಂದೆ ಸೈಟ್ ಇಲ್ಲ. ಚೋಕ್ (ನಳಿಗೆಯ ಬಾಯಿ ಕಿರಿದು ಮಾಡುವ ತಿರುಪಿನ ಕೊಳವೆ) ಬೇರೆ ಕೊಂಡು ಹಾಕಿದ್ದು, ಬಾಯಿ 0.650 ಇಂಚು. ತೋಟಾ 3 ಇಂಚಿನ ಟಿಎಸ್‌ಎಸ್ (ಟಂಗ್‌ಸ್ಟನ್ ಚರೆಯದು), 9 ನಂಬರ್ ಚರೆ. 40 ಗಜದಲ್ಲಿ ಹಾಳೆಗೆ ಹೊಡೆದರೆ 10 ಇಂಚಿನ ವೃತ್ತದೊಳಗೆ ಇನ್ನೂರಕ್ಕೂ ಜಾಸ್ತಿ ತೂತು. ನೂರು ಬಿದ್ದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ?

ಕಾಡಲ್ಲಿ ಮಾತ್ರ ಬೇರೆಯೇ ಆಗುತ್ತಿದೆ. ಒಂದು ಗಂಡು ಗರಿ ಬಿಚ್ಚಿಕೊಂಡು ಹದಿನೈದು ಗಜದವರೆಗೆ ಬಂತು. ತಲೆಗೆ ಮಣಿ ಇಟ್ಟು ಹೊಡೆದೆ, ಹಾರಿಹೋಯಿತು. ಆಮೇಲೆ ಇನ್ನೊಂದು, ಇಪ್ಪತ್ತು ಗಜದ ಒಳಗೇ, ಅದೂ ಹಾಗೇ. ಎರಡು ಸಲವೂ ನೆಲದ ಮೇಲೆ ಗರಿ ಇಲ್ಲ, ರಕ್ತ ಇಲ್ಲ. ಹಾರಿದ ದಿಕ್ಕಿನಲ್ಲಿ ತುಂಬಾ ಹೊತ್ತು ಹುಡುಕಿದೆ. ಗಾಯ ಆಗಿಲ್ಲ ಅನ್ನುವುದೊಂದೇ ಸಮಾಧಾನ.

ಚೋಕ್ ಬದಲಿಸಲಾ? ಮೂರೂವರೆ ಇಂಚಿನ ತೋಟಾಗೆ ಹೋಗಲಾ?

ಒಂಟಿನಳಿಗೆ

ಸದ್ಯಕ್ಕೆ ಎರಡೂ ಬೇಡ. ಮೂರೂವರೆ ಇಂಚಿನದಂತೂ ಬೇಡವೇ ಬೇಡ, ಅದರ ಒದೆತಕ್ಕೆ ಭುಜ ಹೆದರಿ ಕೂತರೆ ಸಮಸ್ಯೆ ಎರಡಾಗುತ್ತದೆ.

ಪ್ಯಾಟರ್ನ್ ಎಷ್ಟು ದಟ್ಟವಾಗಿದೆ ಅನ್ನುವುದು ಒಂದು ವಿಷಯ. ಅದು ಎಲ್ಲಿ ಬೀಳುತ್ತಿದೆ ಅನ್ನುವುದು ಇನ್ನೊಂದು. ನೀವು ಮೊದಲನೆಯದನ್ನು ಮಾತ್ರ ನೋಡಿದ್ದೀರಿ ಅಂತ ನನ್ನ ಅನುಮಾನ. ಆ 10 ಇಂಚಿನ ವೃತ್ತವನ್ನು ಗುರಿ ಇಟ್ಟ ಚುಕ್ಕೆಯ ಸುತ್ತ ಎಳೆದಿರಾ, ಇಲ್ಲ ತೂತು ಜಾಸ್ತಿ ಬಿದ್ದ ಕಡೆ ಎಳೆದಿರಾ? ಮೇಜಿನ ಮೇಲೆ ಆನಿಸಿ ಹೊಡೆದಿರಾ, ಕಾಡಲ್ಲಿ ಕೂರುವ ಹಾಗೆ ನೆಲದ ಮೇಲೆ ಕೂತು ಹೊಡೆದಿರಾ? ಹಕ್ಕಿ ನಿಮ್ಮ ಯಾವ ಕಡೆಯಿಂದ ಬಂತು? ಅದರ ಹಿಂದಿದ್ದ ಗಿಡಮರ ಹೋಗಿ ನೋಡಿದಿರಾ? ಬಿಗಿ ಚೋಕಿನ ಚರೆ ಹತ್ತಿರದಲ್ಲಿ ಒಟ್ಟಾಗಿ ಹೋಗುತ್ತದೆ. ಎಲ್ಲಾದರೂ ಬಡಿದಿದ್ದರೆ ತೊಗಟೆಯಲ್ಲಿ ಗುರುತು ಕಾಣುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಟಿಎಸ್‌ಎಸ್ ಸೀಸದ ಹಾಗೆ ಮೆತ್ತಗಿನ ಚರೆ ಅಲ್ಲ, ಗಟ್ಟಿ ಟಂಗ್‌ಸ್ಟನ್. ನಿಮ್ಮ ಚೋಕನ್ನು ಅದಕ್ಕೆ ಬಳಸಬಹುದು ಅಂತ ಮಾಡಿದವರೇ ಹೇಳಿದ್ದಾರಾ ನೋಡಿಕೊಳ್ಳಿ. ಹೇಳಿಲ್ಲದಿದ್ದರೆ ಆ ಜೋಡಿಯಲ್ಲಿ ಇನ್ನೊಂದು ಈಡೂ ಬೇಡ. ತೋಟಾ ಎಲ್ಲ ತೆಗೆದು, ನಳಿಗೆಯಲ್ಲಿ ತೋಟಾ ಕೂರುವ ಕೋಣೆ ಖಾಲಿ ಇದೆ ಅಂತ ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಂಡು, ಚೋಕ್ ಸಡಿಲ ಆಗಿದೆಯಾ ನೋಡಿ. ತಿರುಪು ಒರೆಸಿ, ಚೂರು ಗ್ರೀಸ್ ಹಚ್ಚಿ ಮತ್ತೆ ಬಿಗಿ ಮಾಡಿ.

ಮಲೆನಾಡಿಂದ_ಟೆಕ್ಸಾಸಿಗೆ

ಕೆನ್ನೆ ಸರಿಯಾಗಿ ಕೂರುತ್ತಿಲ್ಲ ಅನ್ನಿಸುತ್ತದೆ. ಸ್ಟಾಕಿಗೆ (ಕೆನ್ನೆ ಆನಿಸುವ ಕೋವಿಯ ಹಿಂಭಾಗ) ಕಟ್ಟುವ ಮೆತ್ತೆ ಸಿಗುತ್ತದೆ, ಕಡಿಮೆ ಬೆಲೆ. ಕಟ್ಟಿ ನೋಡಿ.

ಓಝಾರ್ಕ್_ವಾಸಿ

ಚೋಕ್ ಟಿಎಸ್‌ಎಸ್‌ಗೆಂದೇ ಮಾಡಿದ್ದು, ಬಿಗಿಯಾಗೇ ಇದೆ.

ವೃತ್ತ ಎಳೆದದ್ದು ತೂತು ಜಾಸ್ತಿ ಇದ್ದ ಕಡೆ. ಪ್ಯಾಟರ್ನ್ ಎಣಿಸುವ ಕ್ರಮ ಹಾಗೇ ಅಂತ ಓದಿದ್ದೆ. ನಿಮ್ಮ ಮಾತು ಕೇಳಿ ಹಳೆಯ ಹಾಳೆ ತೆಗೆದು ನೋಡಿದರೆ, ದಟ್ಟ ಭಾಗದ ನಡು ನನ್ನ ಚುಕ್ಕೆಗಿಂತ ನಾಲ್ಕು ಬೆರಳು ಮೇಲಿದೆ. ಅದು ಮೇಜಿನ ಮೇಲೆ ಆನಿಸಿ ಹೊಡೆದದ್ದು. ಇವತ್ತು ನೆಲದ ಮೇಲೆ ಕೂತು, ಕೋವಿ ಮೊಣಕಾಲ ಮೇಲಿಟ್ಟು ಹೊಡೆದೆ. ಒಂದು ಗೇಣು ಮೇಲೆ ಹೋಯಿತು, ಸ್ವಲ್ಪ ಎಡಕ್ಕೂ ಸರಿಯಿತು.

ಆ ಜಾಗಕ್ಕೂ ಹೋಗಿ ಬಂದೆ. ಹಕ್ಕಿ ನಿಂತಿದ್ದ ಕಡೆಯಿಂದ ಎರಡು ಹೆಜ್ಜೆ ಹಿಂದೆ ಒಂದು ಎಳೇ ಓಕ್ ಮರ. ಅದರ ಕಾಂಡದಲ್ಲಿ ಅಂಗೈಯಷ್ಟು ಜಾಗದ ತೊಗಟೆ ಪುಡಿಯಾಗಿ ಒಳಗಿನ ಬಿಳಿ ಕಾಣುತ್ತಿದೆ. ಚೂರಿಯ ತುದಿಯಿಂದ ಕೆದಕಿದರೆ ಸಾಸಿವೆ ಗಾತ್ರದ ಚರೆ ಒಂದೊಂದಾಗಿ ಬಂತು. ನನ್ನ ಎದೆ ಎತ್ತರದಲ್ಲಿದೆ ಆ ಗುರುತು. ಗರಿ ಬಿಚ್ಚಿಕೊಂಡು ನಿಂತ ಹಕ್ಕಿಯ ತಲೆ ಅಷ್ಟು ಮೇಲೆ ಇರಲಿಲ್ಲ.

ಎರಡೂ ಹಕ್ಕಿ ಬಂದದ್ದು ನನ್ನ ಬಲಗಡೆಯಿಂದ. ನಾನು ಬಲಗೈಯವನು.

ಒಂಟಿನಳಿಗೆ

ಹಾಗಾದರೆ ಚೋಕಿಗೂ ತೋಟಾಗೂ ಇದಕ್ಕೂ ಸಂಬಂಧ ಇಲ್ಲ. ಈಡು ಹಕ್ಕಿಯ ತಲೆ ಮೇಲಿಂದ ಹೋಗುತ್ತಿದೆ.

ಮಣಿ ಒಂದೇ ಇರುವ ಕೋವಿಯಲ್ಲಿ ಹಿಂದಿನ ಸೈಟ್ ಅಂದರೆ ನಿಮ್ಮ ಕಣ್ಣು. ಕಣ್ಣಿಂದ ಮಣಿಗೆ ಸುಮಾರು 36 ಇಂಚು ಅಂತಿಟ್ಟುಕೊಳ್ಳಿ. ಕೆನ್ನೆ ಸ್ಟಾಕ್ ಬಿಟ್ಟು ಕಾಲು ಇಂಚು ಎದ್ದರೆ ಸಾಕು, 40 ಗಜದಲ್ಲಿ ಈಡು 10 ಇಂಚು ಮೇಲೆ ಹೋಗುತ್ತದೆ. 15 ಗಜದಲ್ಲಿ ಸುಮಾರು 4 ಇಂಚು. ಲೆಕ್ಕ ಇಷ್ಟೇ: 40 ಗಜ ಅಂದರೆ 1440 ಇಂಚು, ಅದು 36ರ ನಲವತ್ತು ಪಟ್ಟು, ಕಾಲು ಇಂಚಿನ ತಪ್ಪೂ ನಲವತ್ತು ಪಟ್ಟು ಆಗುತ್ತದೆ. ನಿಮ್ಮ ಗೇಣು ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ಲ.

ದೂರದಲ್ಲಿ ಈ ತಪ್ಪು ಅರ್ಧ ಮುಚ್ಚಿಹೋಗುತ್ತದೆ. ಚರೆ ಅಗಲವಾಗಿ ಹರಡಿರುತ್ತದೆ, ನಡು ಆಚೀಚೆ ಆದರೂ ಅಂಚಿನ ಚರೆ ಕತ್ತಿಗೆ ಬೀಳಬಹುದು. ಹತ್ತಿರದಲ್ಲಿ ಆ ಅನುಕೂಲ ಇಲ್ಲ. 0.650ರಂಥ ಬಿಗಿ ಚೋಕಿನಲ್ಲಿ 15 ಗಜದ ಪ್ಯಾಟರ್ನಿನ ತಿರುಳು ನೀವು ಮರದಲ್ಲಿ ನೋಡಿದಷ್ಟೇ, ಅಂಗೈಯಗಲ. ಹತ್ತು ಗಜದಲ್ಲಿ ಮುಷ್ಟಿಯಷ್ಟು. ಹತ್ತಿರ ಬಂದರೆ ಸುಲಭ ಅಂದುಕೊಳ್ಳುತ್ತೇವೆ, ಆದರೆ ಬಿಗಿ ಚೋಕ್ ಹಾಕಿದವರು ಹತ್ತಿರದ ಹಕ್ಕಿಗೇ ಜಾಸ್ತಿ ಎಚ್ಚರದಿಂದ ಗುರಿ ಇಡಬೇಕು.

ಎಡಕ್ಕೆ ಸರಿದದ್ದಕ್ಕೂ ಕಾರಣ ನೀವೇ ಹೇಳಿದಿರಿ. ಬಲಗೈಯವರಿಗೆ ಕೋವಿ ಎಡಕ್ಕೆ ಸುಲಭವಾಗಿ ತಿರುಗುತ್ತದೆ, ಬಲಕ್ಕೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಸೊಂಟ ತಿರುಗುವುದಿಲ್ಲ, ಕೈ ಮಾತ್ರ ಎಳೆಯುತ್ತದೆ, ಕೆನ್ನೆ ಸ್ಟಾಕಿಂದ ಜಾರುತ್ತದೆ, ಕೋವಿ ಹಕ್ಕಿಯ ಎಡಕ್ಕೇ ಉಳಿಯುತ್ತದೆ. ಅದಕ್ಕೇ ಕೂರುವಾಗಲೇ ಹಕ್ಕಿ ಬರುವ ಕಡೆಗೆ ಎಡ ಭುಜ ಕೊಟ್ಟು ಕೂರಬೇಕು. ಎದೆ ಕೊಟ್ಟು ಅಲ್ಲ.

ಮೆತ್ತೆ ಬಗ್ಗೆ: ದಯವಿಟ್ಟು ಈ ಕೋವಿಗೆ ಬೇಡ. ಮಣಿ ಮಾತ್ರ ಇರುವಾಗ ಮೆತ್ತೆ ಕಟ್ಟಿದರೆ ಕಣ್ಣು ಇನ್ನೂ ಮೇಲೇರುತ್ತದೆ, ಈಡೂ ಇನ್ನೂ ಮೇಲೇರುತ್ತದೆ. ಸೈಟ್ ಎತ್ತರದಲ್ಲಿ ಕೂರಿಸಿದ ಕೋವಿಗೆ ಮೆತ್ತೆ ಒಳ್ಳೆಯದು.

ನನ್ನ ಸಲಹೆ ರೆಡ್ ಡಾಟ್ ಸೈಟ್. ಹಕ್ಕಿ ಮೇಲೆ ಬೆಳಕು ಬಿಡುವ ಲೇಸರ್ ಅಲ್ಲ ಅದು, ಚುಕ್ಕೆ ಗಾಜಿನೊಳಗೆ ಮಾತ್ರ ಕಾಣುತ್ತದೆ. ಕೆನ್ನೆ ಸ್ವಲ್ಪ ಆಚೀಚೆ ಆದರೂ ಚುಕ್ಕೆ ಇರುವ ಕಡೆಗೇ ಈಡು ಹೋಗುತ್ತದೆ. ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಆಗದಿದ್ದರೆ ಹಿಂದೆ ಮುಂದೆ ಎರಡೂ ಕಡೆ ಕೂರುವ ಫೈಬರ್ ಸೈಟ್ ಸಾಕು, ಹಿಂದಿನ ಕಿಂಡಿಯಲ್ಲಿ ಮುಂದಿನ ಚುಕ್ಕೆ ಕಾಣದಿದ್ದರೆ ಕೆನ್ನೆ ಎದ್ದಿದೆ ಅಂತ ಆಗಲೇ ಗೊತ್ತಾಗುತ್ತದೆ.

ಸರಿ ಮಾಡುವುದನ್ನು ಟಿಎಸ್‌ಎಸ್ ಸುಟ್ಟು ಶುರು ಮಾಡಬೇಡಿ, ತುಂಬಾ ದುಬಾರಿ. ಅಗ್ಗದ ಟಾರ್ಗೆಟ್ ತೋಟಾದಿಂದ 20 ಗಜದಲ್ಲಿ ಚುಕ್ಕೆಯನ್ನು ಈಡು ಬೀಳುವ ಜಾಗದ ಹತ್ತಿರಕ್ಕೆ ತನ್ನಿ. ಆಮೇಲೆ ಬೇಟೆಯ ತೋಟಾ ಹಾಕಿ 20ರಲ್ಲೂ 40ರಲ್ಲೂ ನೋಡಿ. ಈ ಸಲ ವೃತ್ತ ಎಳೆಯುವುದು ಗುರಿ ಇಟ್ಟ ಚುಕ್ಕೆಯ ಸುತ್ತ.

ಕೊಡಗಿನ_ಕೋವಿ

ಒಂಟಿನಳಿಗೆಯವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಕೊಡಗಿನ ಕೈಲ್‌ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡುವಾಗ ನಮ್ಮ ಮನೆಯ ಹಿರಿಯರು ಹೇಳುತ್ತಿದ್ದದ್ದು ಒಂದೇ, ಈಡು ಹೋದ ಮೇಲೂ ಕೆನ್ನೆ ಎತ್ತಬೇಡ. ಕಾಯಿ ಒಡೆಯಿತಾ ಅಂತ ನೋಡುವ ಆಸೆಗೆ ತಲೆ ಮೊದಲೇ ಎದ್ದುಬಿಡುತ್ತದೆ. ಟರ್ಕಿಗೂ ಅದೇ ಆಗುತ್ತದೆ. ಅಷ್ಟು ದೊಡ್ಡ ಹಕ್ಕಿ ಗರಿ ಬಿಚ್ಚಿ ಎದುರು ನಿಂತರೆ ಮಣಿ ಮರೆತುಹೋಗಿ ಹಕ್ಕಿಯನ್ನೇ ನೋಡುತ್ತೇವೆ.

ಇನ್ನೊಂದು, ತಲೆಗೆ ಗುರಿ ಇಡಬೇಡಿ. ಕತ್ತಿನ ಕೆಂಪು ಚರ್ಮ ಮುಗಿದು ಗರಿ ಶುರುವಾಗುತ್ತದಲ್ಲ, ಆ ಗೆರೆಗೆ ಇಡಿ. ಸ್ವಲ್ಪ ಮೇಲೆ ಹೋದರೂ ಕತ್ತು, ಇನ್ನೂ ಸ್ವಲ್ಪ ಹೋದರೆ ತಲೆ. ಗರಿ ಬಿಚ್ಚಿ ಮೆರೆಯುವಾಗ ಕತ್ತು ಎದೆಯೊಳಗೆ ಸೇರಿಕೊಂಡಿರುತ್ತದೆ, ಆಗ ಹೊಡೆಯಲೇಬೇಡಿ. ಬಾಯಲ್ಲಿರುವ ಕಾಲ್‌ನಿಂದ (ಟರ್ಕಿಯ ಕೂಗು ಹೊರಡಿಸುವ ಸಾಧನ) ಒಂದು ಚುರುಕಾದ ಕ್ಲಕ್ ಕೊಡಿ. ಗರಿ ಮಡಚಿ ಕತ್ತು ನೀಟಾಗಿ ಎತ್ತುತ್ತದೆ. ಮೈಗೆ ಹೊಡೆಯುವ ಮಾತೇ ಬೇಡ. ಗರಿ ಮತ್ತು ಎದೆಮಾಂಸ ಎಷ್ಟು ದಪ್ಪ ಅಂದರೆ ಗಾಯ ಹೊತ್ತು ಹಾರಿ ಎಲ್ಲೋ ಸಾಯುತ್ತದೆ. ಮಿಸೌರಿಯಲ್ಲಿ ಈ ಹಕ್ಕಿ ಇನ್ನೇನು ಮುಗಿಯಿತು ಅನ್ನುವ ಸ್ಥಿತಿಗೆ ಬಂದಿತ್ತು. ಉಳಿದಿದ್ದ ಕಾಡು ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಬೇರೆ ಬೇರೆ ಕೌಂಟಿಗಳಲ್ಲಿ ಬಿಟ್ಟು ಬೆಳೆಸಿದರು. 1960ರಲ್ಲಿ ವಸಂತದ ಬೇಟೆ ಮತ್ತೆ ಶುರುವಾಯಿತು. ಹಾಗೆ ಉಳಿಸಿಕೊಂಡ ಹಕ್ಕಿಯನ್ನು ಗಾಯ ಮಾಡಿ ಬಿಡುವುದು ನನಗಂತೂ ಸಹಿಸಲಾಗದ ವಿಷಯ.

ಹೊಸಬ_ಡಲ್ಲಾಸ್

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಎಚ್-1ಬಿ ಮೇಲೆ ಇದ್ದೇನೆ. ಗೆಳೆಯನ ಕೋವಿ ತೆಗೆದುಕೊಂಡು ಹೀಗೆ ಹಾಳೆಗೆ ಹೊಡೆದು ಕಲಿಯಬಹುದಾ?

ಒಂಟಿನಳಿಗೆ

ಸುಮ್ನೆ ಕೈಗೆ ತೆಗೆದುಕೊಳ್ಳಬೇಡಿ. ನಾನ್‌ಇಮಿಗ್ರಂಟ್ ವೀಸಾದಲ್ಲಿ ಇರುವವರು ಕೋವಿಯಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಎರವಲು ಪಡೆದರೂ ಅದೇ, ರೇಂಜಿನಲ್ಲಿ ಹಿಡಿದರೂ ಅದೇ. ಇದಕ್ಕೆ ಇರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಬಳಿ ಇರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಲೈಸೆನ್ಸ್ ತೆಗೆದುಕೊಳ್ಳಿ, ವಲಸೆ ವಿಷಯ ಬಲ್ಲ ವಕೀಲರನ್ನು ಒಂದು ಮಾತು ಕೇಳಿ, ಆಮೇಲೆ ಕೋವಿ ಮುಟ್ಟಿ. ವೀಸಾ ವಿಷಯದಲ್ಲಿ ಒಂದು ದಿನದ ಅವಸರ ಬಹಳ ದುಬಾರಿ ಆಗುತ್ತದೆ.

ಕಾಡಿಗೆ ಹೋಗುವ ದಿನಕ್ಕೆ ಇನ್ನೊಂದು: ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ, ಕಾಲುಚೀಲ ಕೂಡ. ಗಂಡು ಟರ್ಕಿಯ ತಲೆಯ ಬಣ್ಣ ಅವೇ. ಕೂಗು ಕೇಳಿದ ಕಡೆಗೆ ನುಸುಳಿಕೊಂಡು ಹೋಗಬಾರದು, ಕೂಗುತ್ತಿರುವುದು ಇನ್ನೊಬ್ಬ ಬೇಟೆಗಾರ ಆಗಿರಬಹುದು. ಭುಜಕ್ಕಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಯಾರಾದರೂ ಹತ್ತಿರ ಬಂದರೆ ಕೈ ಬೀಸಬೇಡಿ, ಅಲ್ಲಾಡಬೇಡಿ, ಜೋರಾಗಿ ಮಾತಾಡಿ.

ಓಝಾರ್ಕ್_ವಾಸಿ

ಬಹಳ ಉಪಕಾರವಾಯಿತು. ರೆಡ್ ಡಾಟ್ ಹಾಕಿದೆ. ಅಗ್ಗದ ತೋಟಾದಲ್ಲಿ ಹತ್ತಿರಕ್ಕೆ ತಂದು, ಆಮೇಲೆ ಟಿಎಸ್‌ಎಸ್‌ನಲ್ಲಿ ನೆಲದ ಮೇಲೆ ಕೂತೇ ಹೊಡೆದೆ. 40 ಗಜದಲ್ಲಿ ದಟ್ಟ ಭಾಗದ ನಡು ಚುಕ್ಕೆಯ ಮೇಲೇ ಇದೆ. ಬಲಕ್ಕೆ ತಿರುಗಿ ಹೊಡೆದಾಗ ಒಂದು ಬೆರಳು ಎಡಕ್ಕೆ ಹೋಗುತ್ತದೆ, ಎಡ ಭುಜ ಕೊಟ್ಟು ಕೂತರೆ ಅದೂ ಇಲ್ಲ.

15 ಗಜದಲ್ಲಿ ಟರ್ಕಿ ತಲೆಯ ಚಿತ್ರ ಇರುವ ಹಾಳೆಗೂ ಹೊಡೆದೆ, ಕತ್ತಿನ ಬುಡಕ್ಕೆ ಗುರಿ ಇಟ್ಟು. ಕತ್ತು ಇದ್ದ ಕಡೆ ಒಂದೇ ದೊಡ್ಡ ತೂತು, ಅಂಚಿನಲ್ಲಿ ಹಾಳೆ ಸುಲಿದು ನಿಂತಿದೆ. ಚರೆ ಎಣಿಸುವ ಹಾಗೇ ಇಲ್ಲ.

ಕೊನೆಯ ಪ್ರಶ್ನೆ. ನನ್ನ ಹತ್ತಿರ 5 ನಂಬರ್ ಸೀಸದ ತೋಟಾ ಒಂದು ಪೆಟ್ಟಿಗೆ ಹಾಗೇ ಇದೆ. ಇದೇ ಚೋಕಿನಲ್ಲಿ, ಇದೇ ಡಾಟ್‌ನಲ್ಲಿ ಅದನ್ನೂ ಬಳಸಬಹುದಾ?

ಒಂಟಿನಳಿಗೆ

ಹಾಳೆಗೆ ಹೊಡೆದು ನೋಡದೆ ಕಾಡಿಗೆ ಒಯ್ಯಬೇಡಿ. ತೋಟಾ ಬದಲಾದರೆ ಈಡು ಬೀಳುವ ಜಾಗವೂ ಬದಲಾಗಬಹುದು. ಪ್ಯಾಟರ್ನ್ ಅಂತೂ ಖಂಡಿತ ಬೇರೆ. 9 ನಂಬರ್ ಟಿಎಸ್‌ಎಸ್ ಒಂದು ಔನ್ಸಿಗೆ ಸುಮಾರು 360 ಚರೆ, 5 ನಂಬರ್ ಸೀಸ ಸುಮಾರು 170. ಅರ್ಧಕ್ಕಿಂತ ಕಡಿಮೆ. ಸೀಸದ ಚರೆ ದಪ್ಪ, ಮೆತ್ತಗೆ ಬೇರೆ. 0.650ರಂಥ ಬಿಗಿ ಬಾಯಲ್ಲಿ ಹಿಂಡಿಸಿಕೊಂಡು ಆಕಾರ ಕೆಟ್ಟು ಆಚೀಚೆ ಹಾರುತ್ತದೆ. 0.665 ಅಥವಾ 0.670ರಲ್ಲಿ ಅದೇ ತೋಟಾ ಎಷ್ಟೋ ಸಲ ಚೆನ್ನಾಗಿ ಕೂರುತ್ತದೆ.

30 ಗಜದಿಂದ ಶುರು ಮಾಡಿ. ಗುರಿ ಚುಕ್ಕೆಯ ಸುತ್ತ 10 ಇಂಚಿನೊಳಗೆ ನೂರು ತೂತು ಎಲ್ಲಿಯವರೆಗೆ ಬೀಳುತ್ತದೋ ಆ ತೋಟಾದ ಮಿತಿ ಅಲ್ಲಿಗೆ. ಅದು 30 ಗಜ ಆಗಿದ್ದರೆ 30 ಗಜ. ಕೂರುವ ಮುಂಚೆ ಅಷ್ಟು ದೂರದ ಒಂದು ಮರ ಗುರುತು ಮಾಡಿಕೊಳ್ಳಿ, ಹಕ್ಕಿ ಅದನ್ನು ದಾಟಿ ಈಚೆ ಬರುವವರೆಗೆ ಸೇಫ್ಟಿ ತೆಗೆಯಬೇಡಿ.