ರವದಿ ಸುಡೂದು ಬಿಟ್ರ ಹವಾಮಾನಕ್ಕ ಎಷ್ಟು ಉಪಯೋಗ? – ಪ್ರಶ್ನೋತ್ತರ

ಪ್ರಶ್ನೆ (ಕಬ್ಬು ಬೆಳೆಗಾರ, ಮುಧೋಳ ತಾಲೂಕು):
ನಮಸ್ಕಾರ್ರೀ ಸರ್. ಕಬ್ಬು ಕಡದ ಮ್ಯಾಲ ಹೊಲದಾಗ ಉಳಿಯೂ ಒಣ ಎಲಿ, ಅಂದ್ರ ರವದಿಗೆ ಬೆಂಕಿ ಹಚ್ಚಬ್ಯಾಡ್ರಿ, ಅದರಿಂದ ಹವಾಮಾನ ಕೆಡಾಕತ್ತೈತಿ ಅಂತ ಎಲ್ಲಾ ಕಡೆ ಹೇಳಾಕತ್ತಾರ. ಒಂದು ಎಕರೆ ರವದಿ ಸುಟ್ರ ಖರೇನ ಎಷ್ಟು ಹಾನಿ ಆಗತೈತ್ರಿ? ಲೆಕ್ಕ ಹಾಕಿ ತಿಳಿಸ್ರಿ. ನಮ್ಮದು ಎರಿ ಭೂಮಿ, ನಾಲ್ಕು ಫೂಟಿನ ಸಾಲು, ಈ ಸಲ ಕುಳೆ (ಕಡದ ಬುಡದಿಂದನ ಮತ್ತ ಚಿಗಿಯೂ ಬೆಳಿ) ಬಿಡಾವ್ರದೀವಿ.

ಉತ್ತರ (ಮಣ್ಣು ವಿಜ್ಞಾನ):
ನಮಸ್ಕಾರ ಅಣ್ಣಾರ. ಲೆಕ್ಕ ಕೇಳಿದ್ದು ಚಲೋ ಆಯ್ತು. ಈ ವಿಷಯದಾಗ ಹೆದರಿಸೋ ಮಾತು ಜಾಸ್ತಿ, ಅಂಕಿ ಕಡಿಮೆ.

ರವದಿಯಲ್ಲಿರುವ ಇಂಗಾಲ ಅದೇ ವರ್ಷ ಕಬ್ಬು ಗಾಳಿಯಿಂದ ಎಳೆದುಕೊಂಡದ್ದು. ಸುಟ್ಟಾಗ ಅದು ವಾಪಸ್ ಗಾಳಿಗೆ ಹೋಗುತ್ತದೆ, ಮುಂದಿನ ಬೆಳೆ ಮತ್ತೆ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಇಂಗಾಲದ ಡೈಆಕ್ಸೈಡನ್ನು ಹೊಸ ಹೊರೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಲ್ಲಿದ್ದಲು, ಡೀಸೆಲ್ಲಿನದು ಹಾಗಲ್ಲ. ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲ ಅದು, ಒಮ್ಮೆ ಮೇಲೆ ಬಂದರೆ ಬಂದ ಹಾಗೇ. ಕಾರ್ಖಾನೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ. ಅದಕ್ಕೆ ದೊಡ್ಡ ಕಾರಣ ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ಕಾಡಿನ ನಾಶ. ಮುಧೋಳದ ರವದಿ ಅಲ್ಲ.

ಹಾಗಂತ ರವದಿ ಸುಟ್ಟರೆ ಏನೂ ಇಲ್ಲ ಅಂತಲ್ಲ. ಅದು ಪೂರ್ತಿ ಉರಿಯದೆ ಹೊಗೆಯಾಡುತ್ತದೆ, ಆಗ ಮೀಥೇನ್, ನೈಟ್ರಸ್ ಆಕ್ಸೈಡ್ ಮತ್ತು ಮಸಿ ಹೊರಬೀಳುತ್ತವೆ. ಎಕರೆಗೆ 4 ಟನ್ ರವದಿ, ಅದರಲ್ಲಿ 80 ಪ್ರತಿಶತ ಸುಟ್ಟಿತು ಅಂತ ಹಿಡಿದರೆ ಮೀಥೇನ್ ಸುಮಾರು 8.5 ಕೆ.ಜಿ., ನೈಟ್ರಸ್ ಆಕ್ಸೈಡ್ ಸುಮಾರು 0.2 ಕೆ.ಜಿ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿನ 27 ಪಟ್ಟು ಶಾಖ ಹಿಡಿಯುತ್ತದೆ, ನೈಟ್ರಸ್ ಆಕ್ಸೈಡ್ 273 ಪಟ್ಟು. ಎರಡೂ ಸೇರಿ ಎಕರೆಗೆ ಸುಮಾರು 300 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ.

ಈಗ ಯೂರಿಯಾ ನೋಡಿ. 45 ಕೆ.ಜಿ. ಚೀಲದಲ್ಲಿ ಸಾರಜನಕ 20.7 ಕೆ.ಜಿ. ಹೊಲಕ್ಕೆ ಹಾಕಿದ ಸಾರಜನಕದ ಸುಮಾರು 1 ಪ್ರತಿಶತ ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅದರ ಹಾನಿ 89 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಯೂರಿಯಾ ಮಣ್ಣಲ್ಲಿ ಕರಗುವಾಗ ಇನ್ನೂ 33 ಕೆ.ಜಿ. ಬಿಡುತ್ತದೆ. ಚೀಲಕ್ಕೆ 120 ಕೆ.ಜಿ. ಹಿಡಿಯಿರಿ, ಕಾರ್ಖಾನೆಯಲ್ಲಿ ತಯಾರಿಸುವಾಗಿನದು ಬೇರೆ. ಅಂದರೆ ಒಂದು ಎಕರೆ ರವದಿ ಸುಡುವುದೂ ಎರಡೂವರೆ ಚೀಲ ಯೂರಿಯಾ ಹಾಕುವುದೂ ಒಂದೇ ತೂಕ. ಎಕರೆಗೆ 100 ಕೆ.ಜಿ. ಸಾರಜನಕ, ಅಂದರೆ ಐದು ಚೀಲ ಸಾಕಾಗುವ ಕಡೆ ಎಂಟು ಹತ್ತು ಚೀಲ ಸುರಿಯುವವರಿದ್ದಾರೆ. ಅಲ್ಲಿ ಯೂರಿಯಾದ ಹಾನಿಯೇ ದೊಡ್ಡದು.

ಮೂರನೆಯದು ನೀರು. 5 ಎಚ್‌ಪಿ ಮೋಟರು 7 ತಾಸು ಓಡಿದರೆ ಸುಮಾರು 30 ಯೂನಿಟ್. ನಮ್ಮ ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 30 ಸರ್ತಿ ನೀರು ಹಾಯಿಸಿದರೆ 630 ಕೆ.ಜಿ. ಆಯ್ತು. ಕರೆಂಟು ಪುಕ್ಕಟೆ ಇರಬಹುದು, ಹೊಗೆ ಪುಕ್ಕಟೆ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲು ಬಿಡಬೇಕಾದದ್ದು ಬೆಂಕಿಯನ್ನೇ ಅಂತ ನನ್ನ ಖಚಿತ ಅಭಿಪ್ರಾಯ. ಯಾಕಂದರೆ ರವದಿ ಹೊಲದಲ್ಲಿ ಉಳಿದರೆ ಉಳಿದೆರಡೂ ತಾವಾಗಿ ಇಳಿಯುತ್ತವೆ. 4 ಟನ್ ರವದಿಯಲ್ಲಿ 16ರಿಂದ 20 ಕೆ.ಜಿ. ಸಾರಜನಕ ಇದೆ, ಹತ್ತಿರ ಹತ್ತಿರ ಒಂದು ಚೀಲ ಯೂರಿಯಾ. ಸುಟ್ಟರೆ ಅದು ಬಹುಪಾಲು ಹೊಗೆಯಲ್ಲೇ ಹೋಗುತ್ತದೆ. ನೆಲಕ್ಕೆ ಹೊದಿಕೆ ಇದ್ದರೆ ಬೇಸಿಗೆಯಲ್ಲಿ ನೀರಿನ ಪಾಳಿ ಎರಡು ಮೂರು ದಿನ ಮುಂದೆ ಹಾಕಬಹುದು, ಕಸವೂ ಕಡಿಮೆ.

ಪ್ರಶ್ನೆ (ಅದೇ ಬೆಳೆಗಾರ):
ಲೆಕ್ಕ ತಿಳೀತ್ರಿ. ಆದ್ರ ನಮ್ಮ ಊರಾಗ ರವದಿ ಬಿಟ್ಟವ್ರ ಕುಳೆ ಹಳದಿ ಬಿದ್ದು, ಮುಂದಿನ ವರ್ಷ ಮತ್ತ ಬೆಂಕಿ ಹಚ್ಯಾರ್ರಿ. ಹಂಗ್ಯಾಕ ಆಗತೈತಿ? ಹೆಂಗ ಮಾಡಬೇಕ್ರಿ?

ಉತ್ತರ (ಮಣ್ಣು ವಿಜ್ಞಾನ):
ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು, ರವದಿಯಲ್ಲಿ ಸಾಲದಿದ್ದರೆ ಮಣ್ಣಿನಿಂದ ಎತ್ತಿಕೊಳ್ಳುತ್ತವೆ. ಮೊಳಕೆಯೊಡೆದ ಕುಳೆಗೆ ಆಗ ಕೊರತೆ ಬಿದ್ದು ಎಲೆ ಹಳದಿಯಾಗುತ್ತದೆ. ರೋಗ ಅಂತ ತಿಳಿದು ಔಷಧ ಹೊಡೆದವರೂ ಇದ್ದಾರೆ, ಅದರಿಂದ ಪ್ರಯೋಜನವಿಲ್ಲ. ಕೊಳೆಯಲು ಬೇಕಾದ ಸಾರಜನಕವನ್ನು ಮೊದಲೇ ಕೊಟ್ಟುಬಿಟ್ಟರೆ ಈ ತೊಂದರೆ ಬರುವುದಿಲ್ಲ.

ಕಡಿದ ವಾರದೊಳಗೆ ಬೊಡ್ಡೆಗಳ ಮೇಲಿನ ರವದಿ ಸರಿಸಿ ಸಾಲಿಗೆ ತುಂಬಿ. ಬೊಡ್ಡೆ ಮುಚ್ಚಿದ್ದರೆ ಬಿಸಿಲು ತಾಗದೆ ಮೊಳಕೆ ಸರಿಯಾಗಿ ಏಳುವುದಿಲ್ಲ, ಹುಸಿ ಬೀಳುವುದು (ನಡುನಡುವೆ ಬುಡ ಚಿಗುರದೆ ಖಾಲಿ ಉಳಿಯುವುದು) ಇಲ್ಲೇ. ಉದ್ದ ಉಳಿದ ಬೊಡ್ಡೆಗಳನ್ನು ಹರಿತ ಕೊಡಲಿಯಿಂದ ನೆಲಮಟ್ಟಕ್ಕೆ ಸವರಿ. ಆಮೇಲೆ ಪ್ರತಿ ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸಿಂಗಲ್ ಸೂಪರ್ ಫಾಸ್ಫೇಟ್ ಉಗ್ಗಿ. ನಿಮ್ಮ ಎಕರೆಗೆ 32 ಮತ್ತು 40 ಕೆ.ಜಿ. ಆಗುತ್ತದೆ. ಟನ್ನಿಗೆ 1 ಕೆ.ಜಿ.ಯಂತೆ ರವದಿ ಕೊಳೆಸುವ ಜೀವಾಣು ಪುಡಿಯನ್ನು ಹಸಿಯಾದ ತಿಪ್ಪೆಗೊಬ್ಬರದಲ್ಲಿ ಕಲಸಿ ಬೇರೆಯಾಗಿ ಎರಚಿ. ಯೂರಿಯಾದ ಜೊತೆ ಒಂದೇ ಬುಟ್ಟಿಯಲ್ಲಿ ಕಲಸಿಟ್ಟರೆ ಜೀವಾಣು ಸಾಯುತ್ತವೆ.

ಅದೇ ದಿನ ನೀರು ಹಾಯಿಸಲೇಬೇಕು. ನಮ್ಮ ಎರೆ ಮಣ್ಣು ಕ್ಷಾರೀಯ. ಒಣ ರವದಿಯ ಮೇಲೆ ಯೂರಿಯಾ ಎರಡು ದಿನ ಬಿದ್ದಿದ್ದರೆ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೇ ಘಾಟು ಬಡಿಯುತ್ತದೆ. ನೀರು ಹಾಯಿಸುವಾಗ ಎಲ್ಲ ಸಾಲಿಗೂ ರವದಿ ತುಂಬಿದ್ದರೆ ಹರಿವು ಕಟ್ಟಿಕೊಳ್ಳುತ್ತದೆ. ಅದಕ್ಕೇ ಒಂದು ಸಾಲು ಬಿಟ್ಟು ಒಂದು ಸಾಲು ತುಂಬಿ, ಖಾಲಿ ಸಾಲಲ್ಲಿ ನೀರು ಬಿಡಿ. ನೀರು ನಿಂತರೆ ಮಾತ್ರ ಕೆಟ್ಟಿತು. ಗಾಳಿಯಾಡದ ಜವಳು ಮಣ್ಣಲ್ಲಿ ಮೀಥೇನ್, ನೈಟ್ರಸ್ ಆಕ್ಸೈಡ್ ಎರಡೂ ಏಳುತ್ತವೆ, ಬೇರೂ ಕೊಳೆಯುತ್ತದೆ. ಬಸಿಗಾಲುವೆ ಇಲ್ಲದ ಹೊಲದಲ್ಲಿ ಮೊದಲು ಬಸಿಗಾಲುವೆ, ಆಮೇಲೆ ರವದಿ.

ಉಳಿದ ಯೂರಿಯಾ ಮೇಲೆ ಉಗ್ಗಬೇಡಿ. ಬುಡದಿಂದ 10–15 ಸೆಂ.ಮೀ. ದೂರಕ್ಕೆ ಹಾರೆಯಿಂದ 15–20 ಸೆಂ.ಮೀ. ಆಳದ ತೂತು ಹಾಕಿ, ಗೊಬ್ಬರ ಬಿಟ್ಟು ಮುಚ್ಚಿ. ಆಳು ಖರ್ಚಿದೆ, ಆದರೆ ಹಾಕಿದ್ದು ಬೇರಿಗೇ ಸಿಗುವುದರಿಂದ ಪ್ರಮಾಣ ಕಡಿಮೆ ಮಾಡಲು ಇದಕ್ಕಿಂತ ನಂಬಿಕೆಯ ದಾರಿ ಕಾಣೆ. ರವದಿಗೆ ಹಾಕಿದ 32 ಕೆ.ಜಿ.ಯನ್ನು ಮೊದಲ ವರ್ಷ ಹೆಚ್ಚುವರಿ ಅಂತಲೇ ಇಟ್ಟುಕೊಳ್ಳಿ, ಎರಡನೇ ವರ್ಷದಿಂದ ಮಣ್ಣು ಪರೀಕ್ಷೆ ನೋಡಿ ಒಟ್ಟಿನಲ್ಲಿ ಇಳಿಸುತ್ತ ಬನ್ನಿ.

ಪೂರಕ ಉತ್ತರ (ರವದಿ ಕತ್ತರಿಸುವ ಯಂತ್ರದವರು, ಅಥಣಿ):
ನಾಲ್ಕು ಫೂಟಿನ ಸಾಲಿಗೆ ಮಲ್ಚರ್ (ರವದಿ ಕತ್ತರಿಸೂ ಯಂತ್ರ) ಹೋಗತೈತ್ರಿ, ಮೂರು ಫೂಟಿಗೆ ಆಗಂಗಿಲ್ಲ. 45 ಎಚ್‌ಪಿ ಮ್ಯಾಲಿನ ಟ್ರ್ಯಾಕ್ಟರ್ ಬೇಕು. ಗಾಲಿ ಸಾಲಿನ್ಯಾಗ ಓಡಬೇಕು, ಬೋದಿನ ಮ್ಯಾಲ ಹತ್ತಿದ್ರ ಬುಡ ಜಜ್ಜತೈತಿ. ಮುಂಜಾನೆ ಇಬ್ಬನಿ ಇದ್ದಾಗ ಹೊಡದ್ರ ರವದಿ ಮೆತ್ತಗಾಗಿ ರೋಟರಿಗೆ ಸುತ್ತಗೊಳ್ಳತೈತಿ, ಹನ್ನೊಂದರ ಮ್ಯಾಲ ಹೊಡೀರಿ. ಬ್ಲೇಡ್ ನೆಲದಿಂದ ಎರಡು ಇಂಚರ ಮ್ಯಾಲ ಇರ್ಲಿ. ಡ್ರಿಪ್ ಪೈಪ್ ಇದ್ರ ಮೊದಲ ಸುತ್ತಿ ಬದುವಿಗೆ ಇಡ್ರಿ.

ಪ್ರಶ್ನೆ (ಕೊಲ್ಹಾರ, ವಿಜಯಪುರ ಜಿಲ್ಲೆ):
ಸರ್, ನಮ್ಮ ಮಗ್ಗಲದಾಗ ಕೂಡಗಿ ಕಲ್ಲಿದ್ದಲ ಸ್ಥಾವರ ಐತಿ. ಅದು ಬಿಡೂ ಹೊಗೆ ಮುಂದ ರೈತನ ಎರಡೂವರೆ ಚೀಲದ ಲೆಕ್ಕ ಯಾತರದ್ರಿ?

ಉತ್ತರ (ಹವಾಮಾನ):
ನ್ಯಾಯವಾದ ಪ್ರಶ್ನೆ. ಕೂಡಗಿಯ ಸಾಮರ್ಥ್ಯ 2,400 ಮೆಗಾವ್ಯಾಟ್. ಪೂರ್ತಿ ಓಡಿದರೆ ತಾಸಿಗೆ ಸುಮಾರು 2,000 ಟನ್ ಇಂಗಾಲದ ಡೈಆಕ್ಸೈಡ್. ಆರೂವರೆ ಸಾವಿರ ಎಕರೆ ರವದಿ ಸುಟ್ಟಷ್ಟು, ಅದೂ ಒಂದೇ ತಾಸಿನಲ್ಲಿ. ಹವಾಮಾನ ಬದಲಾವಣೆಯ ಹೊಣೆಯನ್ನು ರೈತನ ತಲೆಗೆ ಕಟ್ಟುವುದು ತಪ್ಪು. ಸೌರ, ಪವನ ವಿದ್ಯುತ್ತಿಗೆ ಬದಲಾಗುವ ಕೆಲಸ ಸರ್ಕಾರ ಮತ್ತು ವಿದ್ಯುತ್ ಕಂಪನಿಗಳದ್ದು. ಪಂಪ್‌ಸೆಟ್ ಫೀಡರುಗಳನ್ನು ಹಗಲಿನ ಸೌರ ವಿದ್ಯುತ್ತಿಗೆ ಜೋಡಿಸಿ ಅಂತ ಕೇಳುವುದು ರೈತನ ಹಕ್ಕು. ಹಾಗಾದರೆ ರಾತ್ರಿ ಹೊಲಕ್ಕೆ ಹೋಗಿ ನೀರು ಕಟ್ಟುವುದೂ ತಪ್ಪುತ್ತದೆ.

ಆದರೂ ಹೊಲದಲ್ಲಿ ಮಾಡುವ ಕೆಲಸ ಬೇಕು, ಯಾಕಂದರೆ ಪೆಟ್ಟು ಬೀಳುವುದು ಹೊಲಕ್ಕೇ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ಸುಮಾರು 7 ಪ್ರತಿಶತ ಹೆಚ್ಚು ತೇವ ಹಿಡಿಯುತ್ತದೆ. ಅದಕ್ಕೇ ಬಂದರೆ ಒಮ್ಮೆಲೇ ಸುರಿಯುವ, ಇಲ್ಲವಾದರೆ ವಾರಗಟ್ಟಲೆ ಮುಖ ತೋರಿಸದ ಮಳೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. 2023ರ ಆಗಸ್ಟ್ 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟ್, ಆ ವರ್ಷ ರಾಜ್ಯದ 236ರಲ್ಲಿ 223 ತಾಲೂಕು ಬರಪೀಡಿತ. 2023ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಮಳೆ ಕುಗ್ಗಿಸುವ ವಿದ್ಯಮಾನದ ಕೈಯೂ ಇತ್ತು. ಯಾವುದೋ ಒಂದು ವರ್ಷದ ಬರವನ್ನೋ ನೆರೆಯನ್ನೋ ಪೂರ್ತಿ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯಬಾರದು. ಆದರೆ ದಿಕ್ಕು ಇದೇ.

ಪ್ರಶ್ನೆ (ಇಂಡಿ ತಾಲೂಕು):
ನಮ್ಮಲ್ಲಿ ಕಬ್ಬಿಲ್ರೀ, ಹಿಂಗಾರಿ ಬಿಳಿಜೋಳ ಅಷ್ಟ. ನಾವೇನು ಮಾಡಬೇಕ್ರಿ?

ಉತ್ತರ (ಮಣ್ಣು ವಿಜ್ಞಾನ):
ನೀವು ಸುರಿದ ಮಳೆಯನ್ನು ಬಿದ್ದಲ್ಲೇ ಹಿಡಿಯಬೇಕು. ಜೂನ್–ಜುಲೈನಲ್ಲಿ ಹರಗಿದ ಮೇಲೆ ಚೌಕು ಮಡಿ (ಸುತ್ತ ಸಣ್ಣ ಬದುವಿನ ಚೌಕಗಳು) ಹಾಕಿ. ಇಳಿಜಾರು ಕಡಿಮೆ ಇದ್ದರೆ 4.5 ಮೀಟರಿಗೊಂದು, ಹೆಚ್ಚಿದ್ದರೆ 3 ಮೀಟರಿಗೊಂದು. ಮಡಿ ಒಡೆದಲ್ಲಿ ಮರುದಿನವೇ ಮಣ್ಣು ಕೊಡಿ, ಇಲ್ಲದಿದ್ದರೆ ಒಂದೇ ಕಡೆ ಕೊರಕಲು ಬಿದ್ದು ಇಡೀ ಸಾಲಿನ ಮಡಿಗಳು ಹೋಗುತ್ತವೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತನೆ ಮುಗಿಸಿ. ಪೈರು ಎದ್ದ ಮೇಲೆ ಸಾಲುಗಳ ನಡುವೆ ಕುಂಟೆಯಿಂದ ಎಡೆ ಹೊಡೆಯುತ್ತ ಇರಿ. ಎರೆ ಬಿರಿದಲ್ಲೆಲ್ಲ ತೇವ ಆ ಬಿರುಕಿನಿಂದಲೇ ಆರಿಹೋಗುತ್ತದೆ, ಕುಂಟೆಯ ಪುಡಿಮಣ್ಣು ಅದನ್ನು ಮುಚ್ಚುತ್ತದೆ. ಯೂರಿಯಾ ವಿಷಯಕ್ಕೆ ನಿಮ್ಮ ಒಣಬೇಸಾಯದ ಹೊಲದಲ್ಲಿ ಚಿಂತೆ ಸಣ್ಣದು. ಕಬ್ಬಿನವರ ಹಾಗೆ ನೀವು ಸುರಿಯುವುದೂ ಇಲ್ಲ.